ದವಡೆಯೊಳಗಿನ ದುಂಬಿ

ಚಹಾ ಕುಡಿದ ಮೇಲೆ ದುಂಬಿ ಏಳುವುದು ಬನಹಟ್ಟಿಯಲ್ಲಿ ಎಲ್ಲರಿಗೂ ರೂಢಿಯಾಗಿತ್ತು. ಆದರೆ ಆ ಬೆಳಿಗ್ಗೆ ಸಾವಂತ್ರೆವ್ವ ಇನ್ನೂ ಚಹಾಕ್ಕೆ ನೀರೇ ಇಟ್ಟಿರಲಿಲ್ಲ, ಅವಳ ದವಡೆಯಲ್ಲಿ ಗುಂಯ್ ಎಂಬ ಸದ್ದು ಶುರುವಾಗಿತ್ತು. ಶುರುವಾಗಿತ್ತು ಅನ್ನುವುದೂ ತಪ್ಪು. ಎರಡು ವಾರದಿಂದ ಅದು ನಿಂತೇ ಇರಲಿಲ್ಲ.

ಪಡಸಾಲೆಯಲ್ಲಿ ಗಂಡ ಪರಪ್ಪ ಎರಡೂ ವಿದ್ಯುತ್ ಮಗ್ಗ ಹಚ್ಚಿದ್ದ. ಲಾಳಿಯ ಹೊಡೆತಕ್ಕೆ ಗೋಡೆಯ ಮೇಲಿನ ಕ್ಯಾಲೆಂಡರ್ ಅಲುಗುತ್ತಿತ್ತು. ಸಾವಂತ್ರೆವ್ವ ಬೇಕೆಂದೇ ಹೋಗಿ ಮಗ್ಗದ ಮಗ್ಗುಲಲ್ಲಿ ನಿಂತಳು. ಉಪಯೋಗವಾಗಲಿಲ್ಲ. ಮಗ್ಗದ ಸದ್ದು ಕಿವಿಯ ಹೊರಗಿನದು, ದುಂಬಿಯದು ಎಲುಬಿನ ಒಳಗಿನದು. ಅವಳು ಸೆರಗಿನಿಂದ ಕೆನ್ನೆ ಒತ್ತಿ ಹಿಡಿದುಕೊಂಡು ಒಳಗೆ ಬಂದಳು. ನಾದಿನಿ ಶಾಕಾಂಬರಿ ಕಚೇರಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು.

"ಶಾಕವ್ವಾ, ಇದನ್ನ ತಗದ್ ಒಗಿ. ನಿನ್ನಿ ಕಣ್ಣಿಗೆ ಕಣ್ಣ ಹತ್ತಿಲ್ಲ ನನಗ."

ಶಾಕಾಂಬರಿ ಕನ್ನಡಿಯಿಂದ ಕಣ್ಣು ತೆಗೆಯದೆ ಕೇಳಿದಳು: "ಖರೇ ಹೇಳು ವೈನಿ. ಮಿಶ್ರಿ ತಿಕ್ಕೊಂಡೀಯೇನ?"

"ಬಿಟ್ಟ ಹದಿನೈದ ದಿನ ಆತಂತ ಹೇಳೇನಲ್ಲ."

"ಹೋದ ಸಂಕ್ರಮಣಕ್ಕೂ ಹಂಗ ಹೇಳಿದ್ದಿ. ಜ್ವಾಳದ ಡಬ್ಬ್ಯಾಗ ತಂಬಾಕದ ಚೀಟ ಸಿಕ್ತು."

ಅದು ನಿಜವಾಗಿತ್ತು. ಹಂಚಿನ ಮೇಲೆ ತಂಬಾಕು ಹುರಿದು, ಕರ್ರಗೆ ಪುಡಿ ಮಾಡಿ ವಸಡಿಗೆ ತಿಕ್ಕುವ ಆ ಚಟ ಸಾವಂತ್ರೆವ್ವನಿಗೆ ಹತ್ತಿದ್ದು ಈ ಮನೆಗೆ ಸೊಸೆಯಾಗಿ ಬಂದ ವರ್ಷ. ಮಗ್ಗದ ಮುಂದೆ ನಿದ್ದೆ ಬರಬಾರದು, ಹಸಿವೂ ಗೊತ್ತಾಗಬಾರದು ಎಂದು ಓಣಿಯ ಹೆಂಗಸರೆಲ್ಲ ಮಾಡುತ್ತಿದ್ದುದನ್ನೇ ಅವಳೂ ಮಾಡಿದ್ದಳು. ಅದನ್ನು ಬಿಟ್ಟೆನೆಂದು ಎಷ್ಟೋ ಸಲ ಹೇಳಿ, ಎಷ್ಟೋ ಸಲ ಸಿಕ್ಕಿಬಿದ್ದಿದ್ದಳು.

"ಬನಶಂಕ್ರಿ ಆಣಿ ಮಾಡ್ಲೇನ?" ಎಂದಳು.

"ಆಣಿ ಬ್ಯಾಡ. ನೀ ಬಾಯಿ ಮುಕ್ಕಳಿಸು. ಸುಮ್ಮನಾಗ್ತೈತಿ," ಎಂದು ಶಾಕಾಂಬರಿ ಚೀಲ ಹೆಗಲಿಗೇರಿಸಿ ಹೊರಟಳು. ತಾಯಿ ಸತ್ತಾಗ ತನಗೆ ಆರು ವರ್ಷ. ಅಂದಿನಿಂದ ತಲೆ ಬಾಚಿ, ಬುತ್ತಿ ಕಟ್ಟಿ, ಹಾಸ್ಟೆಲಿನ ತನಕ ಬಂದು ಬಿಟ್ಟು ಹೋದವಳ ಮಾತನ್ನು ನಂಬದೆ ಹೊರಟಿದ್ದೇನೆ ಎಂಬುದು ಬೀದಿಯ ತಿರುವಿನಲ್ಲಿ ಅವಳಿಗೆ ಚುಚ್ಚಿತು. ಚುಚ್ಚಿದರೂ ತಿರುಗಿ ಹೋಗಲಿಲ್ಲ.

ದುಂಬಿ ಶಾಕಾಂಬರಿಯ ಕೂಸು. ಓದಿ ಹಲ್ಲಿನ ಡಾಕ್ಟರಾದ ಮೊದಲ ವರ್ಷಗಳಲ್ಲೇ ಅವಳಿಗೆ ಒಂದು ಸಂಗತಿ ಬೇಸರ ಹುಟ್ಟಿಸಿತ್ತು. ಜನ ಬರುತ್ತಿದ್ದುದು ನೋವಾದ ಮೇಲೆ. ನೋವಾಗುವ ಹೊತ್ತಿಗೆ ಹೇಳುವಂಥದ್ದೇನೂ ಉಳಿದಿರುತ್ತಿರಲಿಲ್ಲ. ಹಲ್ಲಿನ ಹೊರಕವಚಕ್ಕೆ ನರವಿಲ್ಲ. ಹುಳುಕು ಅದನ್ನು ಕೊರೆದು ಒಳಗಿಳಿಯುವತನಕ ಹಲ್ಲು ಒಂದು ಮಾತೂ ಆಡುವುದಿಲ್ಲ. ಕೆನ್ನೆಯೊಳಗೆ ಏಳುವ ಬಿಳಿ ಮಚ್ಚೆಯೂ ಹಾಗೆಯೇ, ಕ್ಯಾನ್ಸರಿಗೆ ತಿರುಗಿದ ಮೇಲೂ ಎಷ್ಟೋ ಕಾಲ ತೆಪ್ಪಗಿರುತ್ತದೆ. ಎರಡು ಹೊತ್ತು ಹಲ್ಲುಜ್ಜಿ, ತಂಬಾಕು ಬಿಡಿ ಎಂದು ಗೋಡೆಗೋಡೆಗೆ ಬರೆಸಿದ್ದಳು, ಶಾಲೆಗಳಲ್ಲಿ ಭಾಷಣ ಮಾಡಿದ್ದಳು. ಜನ ಓದುತ್ತಿದ್ದರು, ತಲೆದೂಗುತ್ತಿದ್ದರು, ಅದೇ ಗೋಡೆಗೆ ಉಗುಳಿ ಮುಂದೆ ಹೋಗುತ್ತಿದ್ದರು. ಬಾಯಿಗೇ ಮೊದಲ ದಿನವೇ ಕೂಗುವ ಶಕ್ತಿ ಕೊಟ್ಟರೆ? ಆ ಒಂದು ಪ್ರಶ್ನೆಯ ಹಿಂದೆ ಅವಳ ಹನ್ನೆರಡು ವರ್ಷ ಹೋದವು.

ಕೊನೆಗೆ ಕೈಗೆ ಬಂದದ್ದು ಅಕ್ಕಿಕಾಳಿನಷ್ಟು ದೊಡ್ಡ ಒಂದು ಕಣ. ಮೇಲಿನ ದವಡೆ ಹಲ್ಲಿಗೆ, ಒಳಮಗ್ಗುಲಲ್ಲಿ ಅಂಟಿಸಬೇಕು. ಅಗಿಯುವ ಒತ್ತಡದಿಂದಲೇ ಅದಕ್ಕೆ ವಿದ್ಯುತ್ತು. ಜೊಲ್ಲಿನಲ್ಲಿ ಆಮ್ಲ ಹೆಚ್ಚಾದರೆ, ಅಥವಾ ರೋಗ ಹಿಡಿದ ವಸಡು, ಕೆನ್ನೆಗಳಿಂದ ಸೋರುವ ಕೆಲವು ವಸ್ತುಗಳು ಕಂಡರೆ, ಅದು ಕಂಪಿಸುತ್ತದೆ. ಕಂಪನ ಎಲುಬಿನ ಮೂಲಕ ಕಿವಿಗೆ ಹೋಗುತ್ತದೆ. ಹಾಕಿಕೊಂಡವರಿಗೆ ಬಿಟ್ಟು ಮತ್ತಾರಿಗೂ ಕೇಳಿಸುವುದಿಲ್ಲ. ಸರಕಾರ ಅದಕ್ಕೆ ದಂತಮಿತ್ರ ಎಂದು ಹೆಸರಿಟ್ಟು, ಮೊದಲ ಪ್ರಯೋಗಕ್ಕೆ ಬನಹಟ್ಟಿಯನ್ನು ಆರಿಸಿತು. ಬನಹಟ್ಟಿಯ ಜನ ಆ ಹೆಸರನ್ನು ಒಂದು ದಿನವೂ ಬಳಸಲಿಲ್ಲ. ದುಂಬಿ ಎಂದರು, ಅದೇ ಉಳಿಯಿತು.

ಮೊದಲ ತಿಂಗಳು ಊರಿಗೆ ಹೊಸ ಆಟಿಕೆ ಸಿಕ್ಕಂತಿತ್ತು. ಚಹಾದಂಗಡಿಯ ಮುಂದೆ ಜನ ಲೋಟ ಕೆಳಗಿಟ್ಟವರೇ ಸಾಲಾಗಿ ನಿಂತು ಬಾಯಿ ಮುಕ್ಕಳಿಸುತ್ತಿದ್ದರು. ಒಂದು ಮದುವೆಯಲ್ಲಿ ಹೋಳಿಗೆ ಬಡಿಸಿದ ಸ್ವಲ್ಪ ಹೊತ್ತಿಗೆ ಪಂಕ್ತಿಗೆ ಪಂಕ್ತಿಯೇ ಎದ್ದು ನಲ್ಲಿಯತ್ತ ನಡೆಯಿತು. ಬೀಗರು ಸಿಟ್ಟಾಗಿ ಊಟ ಬಿಟ್ಟು ಎದ್ದರು ಎಂದು ಹೆಣ್ಣಿನ ಕಡೆಯವರು ಹೆದರಿಬಿಟ್ಟರು. ಶಾಲೆಯ ಮಕ್ಕಳು ಯಾರ ದುಂಬಿ ಮೊದಲು ಮಲಗುತ್ತದೆ ಎಂದು ಪೈಪೋಟಿ ಮಾಡುತ್ತಿದ್ದರು. ಬ್ರಷ್ಷುಗಳು ಕಿರಾಣಿ ಅಂಗಡಿಯಲ್ಲಿ ಬಂದಷ್ಟೂ ಖರ್ಚಾಗುತ್ತಿದ್ದವು.

ಆಮೇಲೆ ದಣಿವು ಶುರುವಾಯಿತು. ದುಂಬಿಗೆ ಹಬ್ಬವಿಲ್ಲ, ಹರಿದಿನವಿಲ್ಲ. ಒಂದು ಪೇಡೆ ತಿಂದರೂ ಏಳುತ್ತದೆ. ಗುಟ್ಕಾ ಹಾಕುವವರ ದವಡೆಯಲ್ಲಂತೂ ಅದು ಇಳಿಯುತ್ತಲೇ ಇರಲಿಲ್ಲ. ಮಗ್ಗದವರು ಮುಕ್ಕಳಿಸಲು ಎದ್ದು ಹೋದಾಗ ಎಳೆ ಹರಿದು ಸೀರೆ ಕೆಟ್ಟವು. ಗಂಡಹೆಂಡಿರ ನಡುವೆ ಸಣ್ಣ ಸಣ್ಣದಕ್ಕೂ ಜಗಳ. ಬಸ್ಸಿನಲ್ಲಿ ಕೂತವರು ಇದ್ದಕ್ಕಿದ್ದಂತೆ ತಲೆ ಕೊಡವುತ್ತಿದ್ದರು. ಒಬ್ಬ ಇಕ್ಕಳದಿಂದ ದುಂಬಿ ಕೀಳಲು ಹೋಗಿ ಹಲ್ಲಿನ ಅರ್ಧವನ್ನೂ ಮುರಿದುಕೊಂಡು, ಮೋರೆ ಊದಿಸಿಕೊಂಡು ಆಸ್ಪತ್ರೆ ಸೇರಿದ. ಆದರೂ ಅವನ ಹಿಂದೆ ಕೀಳಿಸಿಕೊಂಡವರು ಕಡಿಮೆಯೇನಿರಲಿಲ್ಲ.

ಯೋಜನೆಯ ನಿಯಂತ್ರಣ ಕೊಠಡಿ ಹಳೆಯ ನೂಲಿನ ಗೋದಾಮಿನ ಮಹಡಿಯಲ್ಲಿತ್ತು. ಗೋಡೆಯ ತುಂಬ ಒಂದು ಪರದೆ. ಅದರ ಮೇಲೆ ಊರಿನ ನಕಾಶೆ. ದುಂಬಿಗಳು ಕಳಿಸುವ ಸಂಕೇತದಿಂದ ಒಂದೊಂದು ಬಾಯಿಗೂ ಒಂದೊಂದು ಚುಕ್ಕಿ. ಸುಮ್ಮನಿದ್ದರೆ ಹಸಿರು, ಗುಂಯ್‌ಗುಟ್ಟಿದರೆ ಹಳದಿ, ಬಿಡದೆ ಗುಂಯ್‌ಗುಟ್ಟಿದರೆ ಕೆಂಪು. ಪರದೆ ನೋಡಿಕೊಳ್ಳುವವಳು ನಸೀಮಾ ಬಾಗವಾನ, ಅದೇ ಊರಿನ ಹುಡುಗಿ, ಎಂಜಿನಿಯರಿಂಗ್ ಮುಗಿಸಿ ಇಲ್ಲಿ ಸೇರಿದವಳು. ಅಂದು ಶಾಕಾಂಬರಿ ಮೆಟ್ಟಿಲು ಹತ್ತಿ ಬಂದಾಗ ಯೋಜನೆಯ ನಿರ್ದೇಶಕ ಡಾ. ಮುನವಳ್ಳಿ ಆಗಲೇ ಬಂದು ಕೂತಿದ್ದರು. ನಕಾಶೆಯ ತುಂಬ ಹಳದಿ ಕೆಂಪು. ನಡುನಡುವೆ ಚುಕ್ಕಿ ಆರಿಹೋದ ಕಪ್ಪು ಜಾಗ.

"ನಾಲ್ಕರಾಗ ಒಬ್ಬರು ಕಿತ್ತ ಒಗದಾರ ನೋಡ್ರಿ," ಎಂದರು ಮುನವಳ್ಳಿ. "ಹಿಂಗ ಹೋದ್ರ ದೀಪಾವಳಿ ಹೊತ್ತಿಗೆ ಈ ಪರದೆ ಖಾಲಿ. ಮಿತಿ ಏರಸ್ರಿ. ದೊಡ್ಡದಿದ್ರಷ್ಟ ಕೂಗ್ಲಿ."

"ಸಣ್ಣದಿದ್ದಾಗ ಕೂಗ್ಲಿ ಅಂತನ ಇದನ್ನ ಮಾಡೇವಲ್ರಿ ಸರ್."

"ಕಿತ್ತ ಒಗದ ಮ್ಯಾಲೆ ಸಣ್ಣದಕ್ಕೂ ಕೂಗೂದಿಲ್ಲ, ದೊಡ್ಡದಕ್ಕೂ ಕೂಗೂದಿಲ್ಲ. ಯಾವುದ್ ಚೊಲೊ, ನೀವ ಹೇಳ್ರಿ."

ಮುನವಳ್ಳಿ ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ. ಬರುವ ತಿಂಗಳು ಬೆಂಗಳೂರಿನಿಂದ ಒಂದು ತಂಡ ಬರಲಿತ್ತು. ಅವರು ಒಪ್ಪಿದರೆ ದುಂಬಿ ಉಳಿದ ಜಿಲ್ಲೆಗಳಿಗೂ ಹೋಗುತ್ತದೆ. ಕೆಂಪು ನಕಾಶೆ ತೋರಿಸಿದರೆ ಒಪ್ಪುತ್ತಾರೆಯೇ?

ಶಾಕಾಂಬರಿ ಪರದೆಯತ್ತ ನೋಡಿದಳು. ತಮ್ಮ ಓಣಿಯಲ್ಲಿ ಅಣ್ಣನ ಚುಕ್ಕಿ ಹಳದಿ, ಅದರ ಮಗ್ಗುಲಿನದು ಅಚ್ಚ ಕೆಂಪು. ಮತ್ತೆ ತಿಕ್ಕಿಕೊಂಡಿದ್ದಾಳೆ ಎಂದುಕೊಂಡಳು. ಸಂಜೆ ಮನೆಗೆ ಹೋದರೆ ಮತ್ತೆ ಅದೇ ರಗಳೆ, ಅದೇ ಆಣೆ, ಅದೇ ಮುಖ ತಿರುವು. ಅವಳಿಗೂ ಸಾಕಾಗಿತ್ತು. ಕುರ್ಚಿ ಎಳೆದುಕೊಂಡು ತಾನೇ ಕೂತು ಮಿತಿಯ ಅಂಕಿ ಬದಲಿಸಿದಳು.

ನೋಡನೋಡುತ್ತ ನಕಾಶೆ ಓಣಿ ಓಣಿಯಾಗಿ ಹಸಿರಾಯಿತು. ಕೆಂಪು ಒಂದೂ ಉಳಿಯಲಿಲ್ಲ.

"ಎಷ್ಟ ಚಂದ ಕಾಣ್ತೈತಲ್ರಿ ಮ್ಯಾಡಂ," ಎಂದಳು ನಸೀಮಾ. ಮತ್ತೆ ಮೆಲ್ಲಗೆ ಅಂದಳು: "ಆದ್ರ ಯಾರೂ ಹಲ್ಲ ತಿಕ್ಕಿಲ್ಲ."

ಅಂದು ಸಂಜೆ ಓಣಿಯಲ್ಲೇ ಬೇರೆ ಕಳೆ ಇತ್ತು. ಕಟ್ಟೆಗಳ ಮೇಲೆ ಜನ ನಗುತ್ತ ಕೂತಿದ್ದರು. ಯಾರೋ ಮಿರ್ಚಿ ಭಜಿ ಕರಿಸಿ ತಂದಿದ್ದರು. ಸಾವಂತ್ರೆವ್ವ ಗೋಧಿ ಹುಗ್ಗಿ ಮಾಡಿ, ಬಾಗಿಲಲ್ಲೇ ನಾದಿನಿಯನ್ನು ಎದುರುಗೊಂಡಳು.

"ಸುಮ್ಮನ ಆತ ನೋಡವಾ! ಮಧ್ಯಾಹ್ನ ಒಮ್ಮಿಂದೊಮ್ಮೆಲೆ ಸುಮ್ಮನ ಆತು. ನಾ ಬಿಟ್ಟೇನಿ ಅಂತ ಈಗರ ನಂಬ್ತೀಯಿಲ್ಲೊ?"

ಶಾಕಾಂಬರಿ ನಕ್ಕಂತೆ ಮಾಡಿದಳು. ಮಿತಿ ಏರಿಸಿದ ಸುದ್ದಿ ಹೇಳಬೇಕೆಂದು ಬಾಯಿಗೆ ಬಂತು, ಹೇಳಲಿಲ್ಲ. ಯೋಜನೆಯವರು ಊರಿಗೂ ಹೇಳಿರಲಿಲ್ಲ.

ಊಟಕ್ಕೆ ಕೂತರು. ಪರಪ್ಪನ ತಟ್ಟೆಯಲ್ಲಿ ರೊಟ್ಟಿ, ಪಲ್ಯ, ಒಂದು ಉಂಡೆ ಕೆಂಪು ಖಾರ. ಸಾವಂತ್ರೆವ್ವ ಮಾತ್ರ ಅನ್ನಕ್ಕೆ ಮೊಸರು ಕಲಸಿ, ಬಲಗಡೆಯಲ್ಲೇ ಅಗಿದು, ಸಣ್ಣ ಸಣ್ಣ ತುತ್ತು ನುಂಗುತ್ತಿದ್ದಳು. ರೊಟ್ಟಿಗೆ ಖಾರ ಕಡಿಮೆಯಾಯಿತೆಂದು ಹಸಿಮೆಣಸಿನಕಾಯಿ ಕಚ್ಚುತ್ತಿದ್ದ ಹೆಂಗಸು.

"ಖಾರ ಯಾಕ ಬಿಟ್ಟಿ ವೈನಿ?"

"ಬಾಯಿ ಉರಿತೈತವಾ. ಬ್ಯಾಸಗಿ ಝಳ ಇದ್ದೀತು."

ಶಾಕಾಂಬರಿಯ ಕೈ ತಟ್ಟೆಯಲ್ಲೇ ನಿಂತಿತು. ಈ ಮಾತನ್ನು ಬೇರೆ ಯಾರೇ ಹೇಳಿದ್ದರೂ ಆ ಕ್ಷಣವೇ ಬಾಯಿ ತೆರೆಸಿ ನೋಡುತ್ತಿದ್ದಳು. ತನ್ನ ಮನೆಯಲ್ಲಿ, ತನ್ನ ಎದುರಿಗೆ ಇದು ಎಷ್ಟು ದಿನದಿಂದ ನಡೆದಿದೆ? ಕೇಳಿದರೆ ವೈನಿ ನಕ್ಕು ತಳ್ಳಿಹಾಕಿದಳು, ಹುಗ್ಗಿ ಬಡಿಸಲು ಎದ್ದಳು.

ಮರುದಿನ ಕೊಠಡಿಗೆ ಹೋದವಳೇ ನಸೀಮಾಳಿಗೆ ಹೇಳಿದಳು: "ನಮ್ಮ ವೈನಿ ಚುಕ್ಕಿ ಹಳೇ ಗೆರಿ ತಗಿ. ಮಿತಿ ಏರಸೂಕಿಂತ ಮೊದಲಿಂದು."

ಚುಕ್ಕಿ ಬಣ್ಣ ಬದಲಿಸಿದ್ದರೂ ಒಳಗಿನ ಅಳತೆ ದಾಖಲಾಗುತ್ತಲೇ ಇತ್ತು. ಪರದೆಯ ಮೇಲೆ ಮೊದಲು ಬೇರೆ ಯಾರದೋ ಗೆರೆ ಬಂತು. ಊಟಕ್ಕೊಮ್ಮೆ, ಚಹಾಕ್ಕೊಮ್ಮೆ ಏರಿ, ಜೊಲ್ಲು ತೊಳೆದಂತೆ ಮತ್ತೆ ಇಳಿಯುವ ಅಲೆ. ತಂಬಾಕಿನವರದೂ ಹಾಗೆಯೇ, ಅಲೆ ಮಾತ್ರ ಎತ್ತರ. ಆಮೇಲೆ ಸಾವಂತ್ರೆವ್ವನದು ಬಂತು. ಎರಡು ವಾರದ ಹಿಂದಿನವರೆಗೆ ಎತ್ತರದ ಅಲೆಗಳು. ಅಲ್ಲಿಂದ ಅಲೆ ಇಲ್ಲ. ಪರದೆಯ ಮೇಲ್ಭಾಗದಲ್ಲಿ ಬಿಗಿದ ದಾರದಂತೆ ಒಂದೇ ಸಮನೆ ಹೋದ ಗೆರೆ.

"ಇದೇನ್ರಿ ಹಿಂಗ? ಯಂತ್ರ ಕೆಟ್ಟೈತೇನು?" ಎಂದಳು ನಸೀಮಾ.

"ಯಂತ್ರ ಕೆಟ್ಟಿಲ್ಲ," ಎಂದಳು ಶಾಕಾಂಬರಿ. ತಿಂದದ್ದು ಏರಿ ಇಳಿಯುತ್ತದೆ. ತಿಕ್ಕಿದ್ದೂ ಏರಿ ಇಳಿಯುತ್ತದೆ. ಏರದೆ ಇಳಿಯದೆ ಇರುವುದು ಗಾಯವೊಂದೇ. ಮಿಶ್ರಿಯ ಅಲೆಗಳ ಕೆಳಗೆ ಇಷ್ಟು ದಿನ ಅಡಗಿದ್ದದ್ದು, ಅವಳು ಮಿಶ್ರಿ ಬಿಟ್ಟ ಮೇಲೆ ಬಯಲಾಗಿತ್ತು. ವೈನಿ ಹೇಳಿದ್ದು ನಿಜ. ಅವಳ ಬಾಯಿ ಎರಡು ವಾರ ಕೂಗಿತ್ತು. ಕೂಗಿದ್ದಕ್ಕೆ ಅವಳನ್ನೇ ಸುಳ್ಳುಗಾತಿ ಮಾಡಿ, ಕೊನೆಗೆ ತಾನೇ ಅದರ ಬಾಯಿ ಮುಚ್ಚಿಸಿದ್ದಳು.

ಮನೆಯ ತನಕ ಅವಳು ನಡೆಯಲಿಲ್ಲ, ಓಡಿದಳು. ಸಾವಂತ್ರೆವ್ವ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದಳು.

"ಅಣ್ಣಾ, ಮಗ್ಗ ಆರಸು. ವೈನಿ, ಬಾಯಿ ತೆರಿ."

ಮಗ್ಗ ನಿಂತಾಗ ಮನೆಯಲ್ಲಿ ಒಮ್ಮೆಲೇ ಶಾಂತವಾಯಿತು. ಸಾವಂತ್ರೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಏ, ನಾ ಒಲ್ಲೆ. ಕರೀ ವಸಡ, ಹೊಲಸ ಹಲ್ಲ. ಮಂದಿ ಬಾಯಿ ನೋಡಾಕಿ ನೀ. ನಿನ್ನ ಮುಂದ ಹೆಂಗ ತೆರೀಲಿ? ಹಲ್ಲಿನ ಡಾಕ್ಟರ್ ನಾದನಿ ಮನ್ಯಾಗಿದ್ದು ಹಿಂಗ ಇಟ್ಟಾಳಂತ ಅಂತೀ."

"ನಾ ಏನೂ ಅನ್ನೂದಿಲ್ಲ. ತೆರಿ ವೈನಿ. ನಿನ್ನ ಕಾಲ ಹಿಡೀತೇನಿ."

ಆ ದನಿಗೆ ಹೆದರಿ ಸಾವಂತ್ರೆವ್ವ ಬಾಯಿ ತೆರೆದಳು. ಎರಡು ಬೆರಳು ಹಿಡಿಸುವಷ್ಟು ತೆರೆಯಿತು, ಅದಕ್ಕಿಂತ ಹೆಚ್ಚು ತೆರೆಯಲಿಲ್ಲ. ಎಡಗೆನ್ನೆಯ ಒಳಗೆ, ಕೆಳವಸಡಿನ ಮಗ್ಗುಲಲ್ಲಿ, ದಿನಾ ಮಿಶ್ರಿ ನಿಲ್ಲುತ್ತಿದ್ದ ಜಾಗದಲ್ಲಿ ಹುಣಸೆಬೀಜದಷ್ಟು ಮಚ್ಚೆ. ಬಿಳಿಯ ನಡುವೆ ಕೆಂಪು. ಶಾಕಾಂಬರಿ ಬೆರಳಿನಿಂದ ಒತ್ತಿದಳು. ಗಟ್ಟಿಯಾಗಿತ್ತು.

"ಬ್ಯಾನಿ ಆಗ್ತೈತೇನ?"

"ಇಲ್ಲ."

ಆ ಇಲ್ಲ ಎಂಬ ಮಾತಿಗೇ ಶಾಕಾಂಬರಿಯ ಕಣ್ಣು ತುಂಬಿ ಬಂದವು. ಸಾವಂತ್ರೆವ್ವ ಅವಳ ಮುಖ ನೋಡಿದಳು, ಎಲ್ಲ ತಿಳಿದಂತೆ "ನಾ ಖರೇನ ಬಿಟ್ಟಿದ್ನೆವಾ," ಎಂದಳು.

"ಗೊತ್ತಾತು ವೈನಿ. ತಡಾ ಮಾಡಿ ಗೊತ್ತಾತು."

ಬೆಳಗಾವಿಯ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಹೌದು, ಆದರೆ ಚಿಕ್ಕದು, ಕುತ್ತಿಗೆಗೆ ಇಳಿದಿಲ್ಲ. ಇನ್ನೊಂದಿಷ್ಟು ತಿಂಗಳು ಕಳೆದಿದ್ದರೆ ದವಡೆಯನ್ನೇ ತೆಗೆಯಬೇಕಾಗುತ್ತಿತ್ತು, ಈಗ ಕೆನ್ನೆಯ ಒಳಪದರ ತೆಗೆದರೆ ಸಾಕು ಎಂದರು ಅಲ್ಲಿಯ ಡಾಕ್ಟರು. ಶಸ್ತ್ರಕ್ರಿಯೆ ನಡೆಯುತ್ತಿದ್ದಾಗ ಪರಪ್ಪ ಬೆಂಚಿನ ಮೇಲೆ ಕೂತು ತನ್ನ ಎರಡೂ ಕೈ ನೋಡಿಕೊಳ್ಳುತ್ತಿದ್ದ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಅವನಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಶಾಕಾಂಬರಿಗೆ ಕೂಡಲಾಗಲಿಲ್ಲ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ತಿರುಗುತ್ತ ನಸೀಮಾಳಿಗೆ ಫೋನ್ ಹಚ್ಚಿದಳು.

"ವೈನಿದರಂಗ ತಳಕ್ಕ ಇಳೀಲಾರದ ಗೆರಿ ಮತ್ತ ಯಾರ್ಯಾರದು ಐತಿ, ತಗಿ."

ಸ್ವಲ್ಪ ಹೊತ್ತಿಗೆ ನಸೀಮಾಳ ದನಿ ಬಂತು. "ಮೂವತ್ತೇಳ ಮಂದಿ ಅದಾರ್ರಿ ಮ್ಯಾಡಂ. ಎಲ್ಲಾರೂ ಈಗ ಹಸರ ಚುಕ್ಕಿ."

ಊರಿಗೆ ಮರಳಿದ ದಿನವೇ ಶಾಕಾಂಬರಿ ಮುನವಳ್ಳಿಯವರ ಎದುರು ನಿಂತಳು. ಅವರೂ ಬೆಚ್ಚಿದರು. "ಆ ಮೂವತ್ತೇಳ ಮಂದೀನ ಇವತ್ತ ಕರೀರಿ, ನಾನೂ ಬರ್ತೇನಿ," ಎಂದರು. "ಆದ್ರ ಇಡೀ ಊರಿಗೆ ಹೇಳೂದು ಬ್ಯಾಡ. ತಂಡ ಬಂದ್ ಹೋಗ್ಲಿ. ಇಲ್ಲಾಂದ್ರ ಇಷ್ಟ ವರ್ಷದ ಕೆಲಸ ಮಣ್ಣಪಾಲ ಆಗ್ತೈತಿ."

ಕರೆದರು. ಫೋನ್ ಮಾಡಿದರು, ಮನೆಗೆ ಹೋದರು. ಬಂದವರು ನಾಲ್ಕು ಮಂದಿ. ಉಳಿದವರ ಮನೆಗಳಲ್ಲಿ ಒಂದೇ ಉತ್ತರ. ಬಣ್ಣ ಹಾಕುವ ಕಾರ್ಖಾನೆಯಲ್ಲಿ ದುಡಿಯುವ ದುಂಡಪ್ಪ ಎಂಬಾತ ಬಾಗಿಲಲ್ಲೇ ನಿಂತು, ತಂಬಾಕು ತುಂಬಿದ ಕೆನ್ನೆಯಲ್ಲೇ ನಕ್ಕ. "ನನ್ನ ದುಂಬಿ ಸುಮ್ಮನ ಐತ್ರಿ ಅಕ್ಕಾರ. ಸುಮ್ಮನಿದ್ರ ಬಾಯಿ ಚೊಲೊ ಐತಿ ಅಂತ ನೀವ ಹೇಳಿದ್ದಿಲ್ಲೇನ? ಮತ್ಯಾಕ ಬರ್ಲಿ?"

ಅವನ ಬಾಗಿಲಿನಿಂದ ತಿರುಗಿ ನಡೆಯುವಾಗ ಶಾಕಾಂಬರಿಗೆ ತಾನು ಮಾಡಿದ್ದು ಪೂರ್ತಿ ತಿಳಿಯಿತು. ದುಂಬಿ ಇಲ್ಲದಿದ್ದಾಗ ಜನಕ್ಕೆ ಏನೂ ಗೊತ್ತಿರಲಿಲ್ಲ, ಅಷ್ಟೆ. ಈಗ ತಮ್ಮ ಬಾಯಿ ಸ್ವಸ್ಥವಾಗಿದೆ ಎಂದು ಅವರಿಗೆ ಖಾತ್ರಿಯಾಗಿತ್ತು.

ತಂಡ ಬಂದ ದಿನ ಸಮುದಾಯ ಭವನ ತುಂಬಿತ್ತು. ವೇದಿಕೆಯ ಮೇಲೆ ದೊಡ್ಡ ಪರದೆ, ಪರದೆಯ ಮೇಲೆ ಹಚ್ಚಹಸಿರು ನಕಾಶೆ. ಮುನವಳ್ಳಿ ಸ್ವಾಗತ ಹೇಳಿ, ನಕಾಶೆ ವಿವರಿಸಲು ಶಾಕಾಂಬರಿಯನ್ನು ಕರೆದರು. ಅವಳು ಮೈಕು ಹಿಡಿದು ಜನರತ್ತ ತಿರುಗಿದಳು.

"ಈ ಹಸರ ಖರೇ ಅಲ್ರಿ," ಎಂದಳು. "ನಿಮ್ಮ ದುಂಬಿ ಸುಮ್ಮನಾಗಿದ್ದು ನಿಮ್ಮ ಬಾಯಿ ಸುಧಾರಿಸಿದ್ದಕ್ಕಲ್ಲ. ನಾವು ಅದರ ದನಿ ಇಳಿಸೇವಿ. ನಾನ ನನ್ನ ಕೈಯಾರೆ ಇಳಿಸೇನಿ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗದ್ದಲವೆದ್ದಿತು. ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ಕೂಗಿದಳು: "ನಮ್ಮ ಬಾಯಾಗ ಇಟ್ಟದ್ದು, ನಮಗ ಹೇಳದ ಆರಸಿದ್ರೇನ?"

"ಆರಸಿದ್ವಿ. ಹಚ್ಚೂವಾಗ ನಿಮ್ಮನ್ನ ಕೇಳಿದ್ವಿ, ಇಳಿಸೂವಾಗ ಕೇಳಲಿಲ್ಲ. ತಪ್ಪ ಆತು."

"ಕೂಗತಿದ್ದಾಗ ತಲಿ ಕೆಟ್ಟಿತ್ತ್ ನಮಗ! ಮತ್ತ ಹಚ್ಚೋರಿದ್ದೀರೇನ?" ಎಂದು ಇನ್ನೊಂದು ದನಿ.

ಶಾಕಾಂಬರಿ ವೈನಿಯ ಕೆನ್ನೆಯ ಕಥೆಯನ್ನು ಹೇಳಿದಳು. ನೋಯದ ಹುಣಸೆಬೀಜದ ಮಚ್ಚೆ, ಎರಡು ವಾರದ ಕೂಗು, ತಾನು ನಂಬದೇ ಹೋದದ್ದು. ಅವಳು ಹೇಳುತ್ತ ಹೋದಂತೆ ಗದ್ದಲ ಇಳಿಯಿತು. "ನಾ ಯಾರಿಗೂ ಜುಲುಮೆ ಮಾಡೂದಿಲ್ಲ," ಎಂದಳು. "ಬ್ಯಾಡಾದವರಿಗೆ ಇಲ್ಲೇ ತಗದ ಕೊಡ್ತೇನಿ, ಹಲ್ಲಿಗೆ ಏನೂ ಆಗದಂಗ. ಬೇಕಾದವರಿಗೆ ಮೊದಲಿನ ದನಿ ತಿರುಗಿ ಕೊಡ್ತೇವಿ. ನೀವ ಹೇಳ್ರಿ."

ಯಾರೂ ಅಲುಗಲಿಲ್ಲ. ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನಲ್ಲಿ ಸಾವಂತ್ರೆವ್ವ ಕೂತಿದ್ದಳು, ಕೆನ್ನೆ ಇನ್ನೂ ಊದಿತ್ತು, ಹೊಲಿಗೆ ಹಾಕಿದ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಅವಳು ಗಂಡನ ಭುಜ ಹಿಡಿದು ಎದ್ದು ನಿಂತಳು. ಜನರತ್ತ ತಿರುಗಿ, ಕೆನ್ನೆಯ ಮೇಲಿನ ಸೆರಗು ಸರಿಸಿ ಎಲ್ಲರಿಗೂ ಕಾಣುವಂತೆ ನಿಂತು, ಆಮೇಲೆ ಕೈ ಎತ್ತಿದಳು.

ಅವಳ ಓಣಿಯ ಹೆಂಗಸರು ಮೊದಲು ಎದ್ದರು. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು. ಅರ್ಧಕ್ಕೂ ಹೆಚ್ಚು ಜನ ಕೈಕಟ್ಟಿ ಕೂತೇ ಇದ್ದರು, ಕೆಲವರು ಎದ್ದು ಹೊರಗೆ ಹೋದರು. ನಸೀಮಾ ಮೇಜು ಹಾಕಿಕೊಂಡು ಕೂತು, ಬಂದವರ ಹೆಸರು ಕೇಳಿ ಒಬ್ಬೊಬ್ಬರ ದುಂಬಿಯನ್ನೇ ಎಬ್ಬಿಸುತ್ತ ಹೋದಳು. ತಂಡದವರ ಕಣ್ಣೆದುರಿಗೇ ಹಸಿರು ನಕಾಶೆಯಲ್ಲಿ ಒಂದು ಹಳದಿ, ಒಂದು ಕೆಂಪು, ಮತ್ತೊಂದು ಹಳದಿ ಮೂಡತೊಡಗಿತು. ಸದ್ದು ತಿರುಗಿ ಬಂದ ಕೂಡಲೆ ಜನ ಕೆನ್ನೆಗೆ ಅಂಗೈ ಹಚ್ಚಿಕೊಂಡು ನಿಲ್ಲುತ್ತಿದ್ದರು. ದುಂಡಪ್ಪ ಸಾಲಿನ ಕೊನೆಯಲ್ಲಿ ನಿಂತಿದ್ದ. ಅವನ ಸರದಿ ಬಂದು ದುಂಬಿ ಎದ್ದಾಗ ಅವನು ನಗಲಿಲ್ಲ. "ಇದು ಇಷ್ಟ ದಿನಾ ಹಿಂಗ ಇತ್ತೇನ್ರಿ?" ಎಂದು ಕೇಳಿದ.

ದುಂಬಿ ಬೇರೆ ಜಿಲ್ಲೆಗಳಿಗೆ ಹೋಗಲಿಲ್ಲ. ತಂಡದವರು ನೋಡೋಣ ಎಂದು ಹೇಳಿ ಹೋದರು. ಮುನವಳ್ಳಿ ಕೆಲವು ದಿನ ಶಾಕಾಂಬರಿಯೊಂದಿಗೆ ಮಾತು ಬಿಟ್ಟಿದ್ದರು. ಆಮೇಲೆ ಒಂದು ಬೆಳಿಗ್ಗೆ ತಾವೇ ಬಂದು, ಕೈಗವಸು ಹಾಕಿಕೊಂಡು ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಬಾಯಿ ನೋಡಲು ಶುರುಮಾಡಿದರು. ಮೂವತ್ತೇಳು ಮಂದಿಯಲ್ಲಿ ಬಹಳಷ್ಟು ಜನ ಬಂದರು. ಹಲವರದು ಕೊಳೆತ ಬೇರು, ಕೀವು ತುಂಬಿದ ವಸಡು. ಐದು ಮಂದಿಗೆ ಬೆಳಗಾವಿಯ ಚೀಟಿ ಬರೆಯಬೇಕಾಯಿತು. ನಾಲ್ವರು ಗುಣವಾದರು. ದುಂಡಪ್ಪನದು ಕುತ್ತಿಗೆಗೆ ಇಳಿದಿತ್ತು.

ಅವನ ಹೆಂಡತಿ ಆಸ್ಪತ್ರೆಯಿಂದ ಬಂದವಳು ಶಾಕಾಂಬರಿಯನ್ನು ನೇರವಾಗಿ ಕೇಳಿದಳು. "ನೀವು ಆರಸದಿದ್ರ ಉಳೀತಿದ್ರೇನ್ರಿ ಇವರು?"

"ಅಷ್ಟ ದಿನದಾಗ ಫರಕ್ ಆಗಿರಲಿಕ್ಕಿಲ್ಲವಾ, ಅದು ಬಾಳ ಮೊದಲಿಂದ ಐತಿ," ಎಂದಳು ಶಾಕಾಂಬರಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಾಗಲಿಲ್ಲ. "ಆದ್ರ ನನಗ ಖಾತ್ರಿ ಇಲ್ಲ," ಎಂದಳು. ಆ ಹೆಂಗಸು ಎದ್ದು ಹೋದಳು.

ಅಂದಿನಿಂದ ಶಾಕಾಂಬರಿ ಪರದೆಯ ಮುಂದೆ ಕೂಡುವುದು ಕಡಿಮೆಯಾಯಿತು. ಬೆಳಗಾದರೆ ಮಗ್ಗದ ಮನೆಗಳಿಗೆ ಹೋಗಿ ಕೂತುಬಿಡುತ್ತಿದ್ದಳು. ಕೈ ತೊಳೆದು, ಬೆಳಕಿಗೆ ಮುಖ ಮಾಡಿ, ತುಟಿ ಎತ್ತಿ, ಕೆನ್ನೆ ಹಿಗ್ಗಿಸಿ, ನಾಲಿಗೆ ಎತ್ತಿ ಹೇಗೆ ನೋಡಬೇಕೆಂದು ಹೆಂಗಸರಿಗೆ ತೋರಿಸುತ್ತಿದ್ದಳು. ಅವರು ನಾಚುತ್ತ, ನಗುತ್ತ ಒಬ್ಬರ ಬಾಯಿ ಒಬ್ಬರು ನೋಡುತ್ತಿದ್ದರು. ದುಂಬಿ ಕಿತ್ತು ಒಗೆದವರೂ ಅಲ್ಲಿಗೆ ಬಂದು ಕೂಡುತ್ತಿದ್ದರು.

ಸಾವಂತ್ರೆವ್ವನ ಹೊಲಿಗೆ ಬಿಚ್ಚಿದರು. ಬಾಯಿ ಮೂರು ಬೆರಳಿನಷ್ಟು ತೆರೆಯಲೆಂದು ದಿನಾ ಐಸ್‌ಕ್ರೀಮಿನ ಕಡ್ಡಿಗಳನ್ನು ಹಲ್ಲುಗಳ ನಡುವೆ ಒಂದೊಂದಾಗಿ ಹೆಚ್ಚಿಸಿ ಅಭ್ಯಾಸ ಮಾಡುತ್ತಿದ್ದಳು. ಒಂದು ಭಾನುವಾರ ಮುಂಜಾನೆ ಅವಳು ನಾದಿನಿಯ ಹತ್ತಿರ ಬಂದು ನಿಂತಳು.

"ಶಾಕವ್ವಾ, ಇದು ಸುಮ್ಮನ ಐತಿ."

"ಗುಣಾ ಆಗೈತಿ ವೈನಿ. ಅದಕ್ಕ ಸುಮ್ಮನ ಐತಿ."

"ಹೌದ? ಅವತ್ತೂ ಸುಮ್ಮನ ಇತ್ತು."

ಶಾಕಾಂಬರಿ ಎದ್ದು ಕೈ ತೊಳೆದು, ವೈನಿಯನ್ನು ಹಿತ್ತಲಿನ ಬಿಸಿಲಿಗೆ ಕರೆದೊಯ್ದು ಕಟ್ಟೆಯ ಮೇಲೆ ಕೂಡಿಸಿದಳು. ತುಟಿ, ವಸಡು, ಎರಡೂ ಕೆನ್ನೆ, ನಾಲಿಗೆಯ ಕೆಳಗೆ ನಿಧಾನವಾಗಿ ನೋಡಿದಳು. ಹೊಲಿಗೆಯ ಗೆರೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮತ್ತೇನೂ ಇರಲಿಲ್ಲ. "ಏನೂ ಇಲ್ಲ," ಎಂದಳು. ಸಾವಂತ್ರೆವ್ವ ಉಸಿರು ಬಿಟ್ಟಳು. ಎದ್ದು ತಾನೂ ಕೈ ತೊಳೆದುಕೊಂಡು ಬಂದಳು.

"ಈಗ ನೀ ಕುಂಡ್ರು."

"ನನಗೇನಾಗೈತಿ? ನಾ ಡಾಕ್ಟರ್ ಅದೇನಿ ವೈನಿ."

"ಕುಂಡ್ರು ಅಂದೆ."

ಶಾಕಾಂಬರಿ ಕೂತಳು. ಸಾವಿರಾರು ಬಾಯಿ ನೋಡಿದ್ದಳು. ತನ್ನದನ್ನು ಇನ್ನೊಬ್ಬರ ಎದುರು ತೆರೆದು ಎಷ್ಟು ವರ್ಷವಾಗಿತ್ತೋ ನೆನಪಿರಲಿಲ್ಲ. ಬಾಯಿ ತೆರೆದು ತಲೆ ಹಿಂದಕ್ಕೆ ವಾಲಿಸಿದಳು. ಹರಿದ ಎಳೆ ಹುಡುಕಿ ಹುಡುಕಿ ಪಳಗಿದ ವೈನಿಯ ಬೆರಳುಗಳು ಒಂದೊಂದು ಹಲ್ಲನ್ನೂ ಮುಟ್ಟುತ್ತ ಹಿಂದೆ ಹಿಂದೆ ಹೋದವು. ಬಲಗಡೆ ಕೊನೆಯಲ್ಲಿ ಥಟ್ಟನೆ ನಿಂತವು. ಸಾವಂತ್ರೆವ್ವ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು, ಕಣ್ಣು ಕಿರಿದು ಮಾಡಿ ಬಗ್ಗಿದಳು. ಮುಖದಲ್ಲಿ ನಗುವಿರಲಿಲ್ಲ.

ಏನಿದೆ ಎಂದು ಕೇಳಲು ಬಾಯಿ ಖಾಲಿ ಇರಲಿಲ್ಲ. ಶಾಕಾಂಬರಿ ಕಟ್ಟೆಯ ಅಂಚು ಹಿಡಿದುಕೊಂಡಳು. ಊರಿನ ಜನ ಇಷ್ಟು ದಿನ ತನ್ನೆದುರು ಹೀಗೇ ಕೂತಿದ್ದರಲ್ಲ ಎನಿಸಿತು.

ಸಾವಂತ್ರೆವ್ವ ಉಗುರಿನಿಂದ ಮೆಲ್ಲಗೆ ಏನನ್ನೋ ಕೆದರಿ, ಬೆರಳು ಹೊರಗೆ ತೆಗೆದು, ಬಿಸಿಲಿಗೆ ಹಿಡಿದು ನೋಡಿದಳು.

"ನಿನ್ನಿ ತಿಂದ ಮೆಂತೆ ಸೊಪ್ಪು," ಎಂದಳು. "ಎದ್ದ ಹೋಗು ಡಾಕ್ಟರಬಾಯಿ, ಬಾಯಿ ಮುಕ್ಕಳಿಸಿ ಬಾ."